ನಕ್ಷೆಯಲ್ಲಿ ಬಿಳಿಯಾದ ಗಲ್ಲಿ

ಬಿನ್ನಿಪೇಟೆ

ವಿಶ್ವಾರಾಧ್ಯ ಸರ್ ಅವರಿಗೆ ನಮಸ್ಕಾರ.

ಅಮ್ಮನ ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಸೋಮವಾರ ಕೆಲಸಕ್ಕೆ ಬರುತ್ತೇನೆ.

ಒಂದು ಕೋರಿಕೆ ಇದೆ. ಈ ಸಲದ ಮಳೆಗೆ ಉಪಗ್ರಹದ ಚಿತ್ರಗಳಿಂದ ನಾವು ಮಾಡಿದ ನೆರೆ ನಕ್ಷೆಯಲ್ಲಿ ನಮ್ಮ ಗಲ್ಲಿ ಬಿಳಿಯಾಗಿದೆ, ಅಂದರೆ ನೀರು ನುಗ್ಗಿಲ್ಲ. ಒತ್ತೊತ್ತಾದ ಮನೆಗಳ ನಡುವೆ ನಿಂತ ನೀರು ಉಪಗ್ರಹಕ್ಕೆ ಕಾಣುವುದಿಲ್ಲವೆಂದು ನಿಮಗೆ ಗೊತ್ತು, ನನಗೆ ಗೊತ್ತು. ಅಮ್ಮ ನೆರೆಗೆ ಸಿಕ್ಕಿ ಸತ್ತಳೆಂದು ಬರೆದುಕೊಳ್ಳಬೇಕಾದ ತಾಲ್ಲೂಕು ಕಚೇರಿಯವರಿಗೆ ಗೊತ್ತಿಲ್ಲ. "ಸ್ಯಾಟಲೈಟೇ ನೀರಿಲ್ಲ ಅಂತಿದೆಯಲ್ಲ ಮೇಡಂ, ಇನ್ನೇನ್ ಬರ್ಕೊಳ್ಳೋದು?" ಎಂದು ನಕ್ಷೆಯನ್ನು ನನ್ನ ಕಡೆಗೆ ತಿರುಗಿಸಿದರು. ಕೆಳಗಡೆ ನಿಮ್ಮ ಹೆಸರಿನ ಪಕ್ಕದಲ್ಲಿ ನನ್ನ ಹೆಸರಿತ್ತು.

ಕಾಣದ ಗಲ್ಲಿಗಳಿಗೆಲ್ಲ ದಯವಿಟ್ಟು ಬೂದು ಬಣ್ಣ ಹಾಕಿಸಿ, ಗೊತ್ತಿಲ್ಲ ಎಂದು ಬರೆಸಿ.

ನಮ್ಮ ಗೋಡೆಯ ಮೇಲೆ ಕೆಸರಿನ ಗೆರೆ ನನ್ನ ಕತ್ತಿನ ಮಟ್ಟಕ್ಕಿದೆ. ಅಮ್ಮ ನನಗಿಂತ ಕುಳ್ಳಗಿದ್ದಳು.

ಇಂತಿ,
ಧನುಶ್ರೀ