ಹಸಿದಿರಬೇಕಾಗಿದ್ದ ಪ್ಲೇಟು

ಮಾರ್ಚ್ 3, ಬೆಳಿಗ್ಗೆ 8
ಭಾನುವಾರ. ಲ್ಯಾಬಿನಲ್ಲಿ ನಾನೊಬ್ಬನೇ. ಆರೂ ಪ್ಲೇಟುಗಳ ಹಳೇ ಮೀಡಿಯಾ ದ್ರವ ತೆಗೆದು ಹೊಸದು ಹಾಕಿದೆ. ಹೃದಯದ ಕೋಶಗಳಿಗೆ ಅದೇ ಊಟ. ದಿನ ಬಿಟ್ಟು ದಿನ ಹಾಕಲೇಬೇಕು, ಜ್ವರ ಬಂದರೂ ಬಿಡುವಂತಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದೆ — ಮಿಡಿಯುತ್ತಿವೆ. ನನಗಾಗಿ ಕಾಯುವವು ಇವಿಷ್ಟೇ.

ಮಾರ್ಚ್ 5
ಅಕ್ಕನ ಫೋನು. ಹದಿನೆಂಟಕ್ಕೆ ಅವಳಿಗೆ ಬೈಪಾಸ್ ಆಪರೇಷನ್ ಅಂತೆ. ಬಾ ಅಂದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಭಾವ ಹೋದ ಮೇಲೆ ಅವಳಿಗೂ ನಾನೇ. ಕೋಶಗಳನ್ನು ಬಿಟ್ಟು ಬರಲಾಗದು ಅಂದುಬಿಟ್ಟೆ.
"ತಟ್ಟೇಲಿರೋ ಹೃದಯಕ್ಕಾದ್ರೆ ಪುರುಸೊತ್ತಿದೆ ನಿಂಗೆ."
ನಕ್ಕಳು. ನಗು ಬೇಗ ನಿಂತಿತು. ನಿಜ ಹೇಳಬೇಕೆಂದರೆ ಪುಕ್ಕಲುತನ. ಆಪರೇಷನ್ ಕೋಣೆಯ ಹೊರಗೆ ಕೂರುವ ಧೈರ್ಯ ನನಗಿಲ್ಲ.

ಮಾರ್ಚ್ 11
ಲ್ಯಾಬಿನ ಮುಖ್ಯಸ್ಥೆ ಮೇಡಂ ಹೊಸ ಪ್ರಯೋಗ ಹೇಳಿದರು. ಎಲ್ಲ ಪ್ಲೇಟಿಗೂ ಕೋಶ ಬೆಳೆಸುವ ಗ್ರೋತ್ ಫ್ಯಾಕ್ಟರ್. ಮೂರಕ್ಕೆ ಜೊತೆಗೆ ನಾಲ್ಕು ಗಂಟೆ ಉಪವಾಸ. ಹಸಿದ ಕೋಶ ತನ್ನೊಳಗಿನ ಸವೆದ ಭಾಗಗಳನ್ನೇ ಒಡೆದು ಉಣ್ಣುತ್ತದೆ. ಮನೆಯೂ ಚೊಕ್ಕಟ, ಹೊಟ್ಟೆಗೂ ಆಯಿತು. ಆಮೇಲೆ ಹಾರ್ಟ್ ಅಟ್ಯಾಕಿನ ಹಾಗೆ ಆಕ್ಸಿಜನ್ ತೆಗೆದರೂ ಹೆಚ್ಚು ಕೋಶ ಉಳಿಯಬೇಕು ಎಂಬುದು ಅವರ ಲೆಕ್ಕಾಚಾರ.

ಮಾರ್ಚ್ 12, ಸಂಜೆ
ಎಂಥ ಕೆಲಸ ಮಾಡಿದೆ... ಉಪವಾಸದ ನಡುವೆ ಅಕ್ಕನ ಫೋನು.
"ಆಪರೇಷನ್‌ಗೆ ಸಹಿ ಹಾಕೋಕೆ ಯಾರು ಬರ್ತಾರೆ ಅಂತ ಕೇಳ್ತಿದಾರೆ ಕಣೋ."
ನೋಡೋಣ ಅಂದೆ. ಫೋನಿಟ್ಟ ಮೇಲೆ ಕೈ ತನ್ನಷ್ಟಕ್ಕೆ ಓಡಿತ್ತು — ಹಸಿದಿರಬೇಕಾಗಿದ್ದ ಪ್ಲೇಟೊಂದಕ್ಕೆ ಊಟ ಹಾಕಿದ್ದೆ. ಇಪ್ಪತ್ತು ವರ್ಷದ ಅಭ್ಯಾಸ. ಆಕ್ಸಿಜನ್ ತೆಗೆದ ಮೇಲೆ ಈಗ ನೋಡಿದರೆ ಉಪವಾಸವಿದ್ದ ಎರಡೂ ಮಿಡಿಯುತ್ತಿವೆ. ನಾನು ಉಣಿಸಿದ್ದು ನಿಂತಿದೆ.

ಮಾರ್ಚ್ 13
ಮೇಡಂ ಹತ್ತಿರ ಒಪ್ಪಿಕೊಂಡೆ. ಅಕ್ಕನ ವಿಷಯವೂ ಬಾಯಿಗೆ ಬಂತು. ಬೈಯಲಿಲ್ಲ.
"ಇವನ್ನ ನಾನು ನೋಡ್ಕೋತೀನಿ. ನೀವು ಮೊದ್ಲು ಹೊರಡಿ."
ಅಷ್ಟು ಸುಲಭ. ನಾನಿಲ್ಲದೆಯೂ ಇವು ಬದುಕುತ್ತವೆ. ಇನ್ನು ನೆಪವೂ ಉಳಿದಿಲ್ಲ.

ಮಾರ್ಚ್ 19, ಬೆಳಿಗ್ಗೆ 11, ಆಸ್ಪತ್ರೆ
ನಿನ್ನೆ ಸಹಿ ಹಾಕಿದೆ. ಆಪರೇಷನ್ ಮುಗಿಯುವ ತನಕ ಆರು ಗಂಟೆ ಕಾಲ ಬೆಂಚಿನ ಮೇಲೆ. ನಿನ್ನೆಯಿಂದ ಒಂದು ತುತ್ತೂ ಇಳಿದಿಲ್ಲ.
ಈಗಷ್ಟೇ ಅಕ್ಕನ ಹತ್ತಿರ ಒಳಗೆ ಬಿಟ್ಟರು. ಎದೆಗೆ ದಪ್ಪ ಪಟ್ಟಿ, ಒಣಗಿದ ತುಟಿ. ಕಣ್ಣು ತೆರೆದಳು. ದನಿಯೇ ಇಲ್ಲ, ಬಗ್ಗಿ ಕೇಳಿಸಿಕೊಂಡೆ.
"ಊಟ ಮಾಡಿದ್ಯೇನೋ?"
ಹೂಂ ಅಂದೆ. ಸುಳ್ಳು ಅಂತ ಅವಳಿಗೆ ಗೊತ್ತಾಯಿತು. ಹೊರಗೆ ಬಂದು ಅತ್ತೆ. ಮಧ್ಯಾಹ್ನ ಮತ್ತೆ ಬಿಡುತ್ತಾರಂತೆ, ಮತ್ತೆ ಕೇಳಿಯೇ ಕೇಳುತ್ತಾಳೆ. ಅಷ್ಟರಲ್ಲಿ ಕ್ಯಾಂಟೀನಿಗೆ ಹೋಗಿ ಏನಾದರೂ —