ಬಿದ್ಬುಡು ಅಂತ ಕೂಗಿದ್ದಕ್ಕೆ

ಅಪ್ಪಾ,

ಜೂಡೋದಲ್ಲಿ ಊರೂರಿನ ಹೆಣ್ಣುಮಕ್ಕಳನ್ನು ಎತ್ತಿ ಎಸೆದು ಪದಕ ತಂದ ನಿನ್ನ ಮಗಳನ್ನು ಇವತ್ತು ರಾಮನಗರದಲ್ಲಿ ತೀರ್ಪುಗಾರರೇ ಹೊರಗೆ ಎಸೆದರು. ನೀನಿದ್ದಿದ್ದರೆ ಸಾತನೂರಿಗೆಲ್ಲ ಹೇಳಿಕೊಂಡು ನಗುತ್ತಿದ್ದೆ.

ನಿನ್ನ ಮೊಮ್ಮಗಳು ನಯನಾಳ ಮೊದಲ ಪಂದ್ಯ. ಕೋಚ್ ಕುರ್ಚಿಯಲ್ಲಿ ನಾನೇ. ಆಟ ನಡೆಯುವಾಗ ಕೋಚ್ ಬಾಯಿ ಬಿಡುವಂತಿಲ್ಲ. ಎದುರಿನ ಹುಡುಗಿ ಅವಳನ್ನು ಸೊಂಟದ ಮೇಲೆ ಎತ್ತಿದಳು. ಬೆನ್ನು ನೆಲಕ್ಕೆ ತಾಗಿದರೆ ಸೋಲು ಅಂತ ನಮ್ಮವಳು ಕೈ ಊರಲು ಹೋದಳು. ಹಾಗೆ ಊರಿದಾಗ ಮೊಣಕೈ ಮುರಿಯುವ ಸದ್ದನ್ನು ನಾನು ಕೇಳಿದ್ದೇನೆ. “ಕೈ ಊರ್ಬ್ಯಾಡ ಕಣವ್ವಾ, ಬಿದ್ಬುಡು!” ಅಂತ ಕಿರುಚುತ್ತ ಚಾಪೆಗೇ ನುಗ್ಗಿಬಿಟ್ಟೆ.

ಬಿದ್ದಳು. ಕೈ ನೆಟ್ಟಗಿದೆ, ಮೂತಿ ಮಾತ್ರ ಸೊಟ್ಟಗಿದೆ. “ಬಿದ್ಬುಡು ಅಂತ ಕೂಗೋ ಕೋಚು ಯಾವೂರಲ್ಲವ್ರೆ ಹೇಳಮ್ಮ? ಮುಂದಿನ್ ಪಂದ್ಯಕ್ಕೆ ನೀನು ಗೇಟಿನಾಚೆನೇ ಇರು,” ಅಂದಳು. ಹೂಂ ಅಂದೆ. ನಾನೇ ಆಡುವಾಗ ಒಂದು ದಿನವೂ ಇವತ್ತಿನಷ್ಟು ಹೆದರಿರಲಿಲ್ಲ.

ನನ್ನ ಪಂದ್ಯಗಳಿಗೆಲ್ಲ ಅಷ್ಟು ದೂರ ಬಸ್ಸಿನಲ್ಲಿ ಬಂದು, ನೀನು ಒಳಗೆ ಬಾರದೆ ಹೊರಗೇ ನಿಲ್ಲುತ್ತಿದ್ದೆ. ಬೀಡಿ ಸೇದೋಕೆ ಅಂತ ನಾನು ಅಂದುಕೊಂಡಿದ್ದೆ, ಅಪ್ಪಾ.