ಗುಡಿಸಿಟ್ಟ ಅಂಗಳದಲ್ಲಿ ಸಂತೆ ಕಾಣದ ಅಧಿಕಾರಿಗಳಿಗೆ

ಚೀಲ ಹಿಡಿದು ಹೊರಟವರೇ, ಅಂಗಡಿಯ ಬಾಗಿಲು ತೆಗೆಯುತ್ತಿರುವವರೇ, ಬಸ್ಸಿಗೆ ಕಾಯುತ್ತ ಪತ್ರಿಕೆಯ ಈ ಮೂಲೆಗೆ ಕಣ್ಣು ಹಾಯಿಸಿದ ಮಹನೀಯರೇ, ಮಹಿಳೆಯರೇ, ಎಲ್ಲರೂ ಸ್ವಲ್ಪ ಹತ್ತಿರ ಬನ್ನಿ! ಹಿಂದೆ ನಿಂತವರಿಗೂ ಕೇಳಿಸಲಿ. ಈ ಪತ್ರ ನಿಮಗೆ ಬರೆದದ್ದಲ್ಲ. ಆದರೆ ಯಾರಿಗೆ ಬರೆದಿದ್ದೇನೋ ಅವರು ಒಬ್ಬರೇ ಓದಿದರೆ ಕಡತದೊಳಗೆ ಮಲಗಿಸಿ ಜೋಗುಳ ಹಾಡಿಬಿಡುತ್ತಾರೆ. ನೀವು ಸುತ್ತ ನಿಂತಿದ್ದರೆ ಮಲಗಿಸುವುದು ಸ್ವಲ್ಪ ಕಷ್ಟ.

ಪುರಸಭೆಯ ಖಾಲಿ ಜಾಗಗಳ ಉಸ್ತುವಾರಿ ಹೊತ್ತ ಮಾನ್ಯರೇ, ಈಗ ತಮ್ಮ ಕಡೆಗೆ ತಿರುಗಿದ್ದೇನೆ. ಹಳೆಯ ಬಸ್ ಡಿಪೋದ ಹಿಂದಿನ ಅಂಗಳದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಸುತ್ತಲಿನ ಬೆಳೆಗಾರರ ಸಂತೆ ನಡೆಯುತ್ತದೆ. ಸಂಬಳವಿಲ್ಲದ ನಾವು ಕೆಲವರು ಅದನ್ನು ನಡೆಸುತ್ತೇವೆ. ಆ ಅಂಗಳದ ಗೇಟಿಗೆ ಸೋಮವಾರ ತಾವು ಬೋರ್ಡು ತೂಗುಹಾಕಿಸಿದಿರಿ: ‘ಬಳಕೆಯಲ್ಲಿಲ್ಲದ ಜಾಗ. ಪ್ರವೇಶವಿಲ್ಲ.’ ನಾಳೆ, ಸಂತೆಯ ದಿನವೇ, ಬೇಲಿ ಬರುತ್ತದಂತೆ. ಬೇಲಿಯ ಒಳಗೆ ತಮ್ಮ ಕಚೇರಿಯ ಕೆಟ್ಟು ನಿಂತ ಗಾಡಿಗಳು ಬರುತ್ತವಂತೆ. ಸ್ವಾಮಿ, ಓಡದ ಗಾಡಿಗೂ ನಿಲ್ಲಲು ಜಾಗ ಬೇಕು, ಒಪ್ಪಿದೆ. ಅದಕ್ಕಾಗಿ ಓಡುತ್ತಿರುವ ಸಂತೆಯನ್ನು ನಿಲ್ಲಿಸಬೇಕೇ?

ಇಷ್ಟು ಜೋರಾಗಿ ಕೇಳುತ್ತಿರುವ ಇವನು ಯಾರು ಎಂದು ತಾವು ಹುಬ್ಬೇರಿಸಬಹುದು. ಕಸುಬಿನಿಂದ ನಾನು ದರ್ಜಿ. ನಮ್ಮಪ್ಪ ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದರು. ನಾನು ಪರದೆ ಸುತ್ತಿಡುವ ಪೆಟ್ಟಿಗೆಯ ಮೇಲೆ ಮಲಗಿ ಬೆಳೆದವನು. ಸಿಂಹಾಸನ ನನ್ನ ಪಾಲಿಗೆ ಬರಲಿಲ್ಲ, ಗಂಟಲು ಬಂತು. ಸಂತೆಯಲ್ಲಿ ಮೈಕು ಹಾಕಕೂಡದು ಎಂದು ತಮ್ಮ ಕಚೇರಿ ಹೇಳಿದ್ದರಿಂದ ಆ ಗಂಟಲಿಗೂ ಒಂದು ಉದ್ಯೋಗ ಸಿಕ್ಕಿತು. ಬೆಳಿಗ್ಗೆ ಗೇಟಿನಲ್ಲಿ ನಿಂತು ನಾನು ಕೂಗಿದರೆ ಮೂರು ಬೀದಿಯಾಚೆ ಹಾಲು ಕಾಯಿಸುತ್ತಿದ್ದವರು ಒಲೆ ಆರಿಸಿ ಚೀಲ ಹುಡುಕುತ್ತಾರೆ. ಒಳಗಡೆ ನಮ್ಮ ನಿವೃತ್ತ ಬಸ್ ಕಂಡಕ್ಟರು ಸೀಮೆಸುಣ್ಣದಲ್ಲಿ ಗೆರೆ ಎಳೆದು ಒಬ್ಬೊಬ್ಬ ಬೆಳೆಗಾರರಿಗೂ ಜಾಗ ತೋರಿಸುತ್ತಾರೆ. ‘ಒಳಗೆ ಹೋಗಿ, ಒಳಗೆ ಜಾಗ ಇದೆ’ ಎನ್ನುವ ಚಾಳಿ ಅವರಿಗಿನ್ನೂ ಬಿಟ್ಟಿಲ್ಲ. ಬಟಾಬಯಲಿನಲ್ಲಿ ಒಳಗೆ ಅಂದರೆ ಎಲ್ಲಿ ಎಂದು ಯಾರಾದರೂ ಕೇಳಿದರೆ, ಟಿಕೆಟ್ ತೆಗೆಯದೆ ಸಿಕ್ಕಿಬಿದ್ದವರನ್ನು ನೋಡುವಂತೆ ನೋಡುತ್ತಾರೆ.

ಮೂರನೆಯವರು ನನ್ನ ಅತ್ತಿಗೆ. ತಾವು ಅವರನ್ನು ನೋಡಿದ್ದೀರಿ. ಮಾತೂ ಆಡಿಸಿದ್ದೀರಿ. ಆ ಮಾತಿನಿಂದಲೇ ಇಷ್ಟೆಲ್ಲ ಆಗಿದೆ, ಅದಕ್ಕೆ ಬರುತ್ತೇನೆ.

ಅಣ್ಣ ಸೊಂಟ ಮುರಿದುಕೊಂಡು ಮಂಚ ಹಿಡಿದ ಮೇಲೆ ನೀರಿನ ಟ್ಯಾಂಕಿನ ಆಚೆಗಿರುವ ತುಂಡು ಭೂಮಿಯನ್ನು ಅತ್ತಿಗೆ ಒಬ್ಬರೇ ನೋಡಿಕೊಂಡರು. ಬೀನ್ಸು, ಸೌತೆ, ಸೊಪ್ಪು, ಬೇಲಿಯ ಮೇಲೊಂದಿಷ್ಟು ಕುಂಬಳ. ಬೆಳೆದದ್ದನ್ನು ಸಗಟು ಮಂಡಿಗೆ ಒಯ್ದರೆ ಅಲ್ಲಿನ ದಲ್ಲಾಳಿ ಅವರ ಸೊಟ್ಟ ಸೌತೆಕಾಯಿಯನ್ನು ಎಲ್ಲರೆದುರು ಎತ್ತಿ ಹಿಡಿದು, “ಏನಮ್ಮಾ, ಇದು ತಿನ್ನೋದಕ್ಕೋ, ಹುಲ್ಲು ಕೊಯ್ಯೋದಕ್ಕೋ?” ಎಂದು ಕೇಳಿದ. ಮಂಡಿಗೆ ಮಂಡಿಯೇ ನಕ್ಕಿತು. ಅತ್ತಿಗೆ ಆ ಬುಟ್ಟಿ ಹೊತ್ತುಕೊಂಡು ನೇರ ನನ್ನ ಅಂಗಡಿಗೆ ಬಂದು, ಹೊಲಿಗೆ ಯಂತ್ರದ ಪಕ್ಕ ಇಳಿಸಿದರು. ನಮ್ಮ ಸಂತೆ ಹುಟ್ಟಿದ್ದು ಆ ಬುಟ್ಟಿಯಿಂದ.

ನಮ್ಮಲ್ಲಿ ಒಂದು ಪದ್ಧತಿ ಇದೆ, ಅದನ್ನು ತಂದವರೂ ಅತ್ತಿಗೆಯೇ. ಮಾರುವವರು ತಮ್ಮ ಮಾಲಿನ ಐಬನ್ನು ಮೊದಲು ತಾವೇ ಹೇಳಬೇಕು. ‘ಇವತ್ತಿನ ಬೀನ್ಸು ಸ್ವಲ್ಪ ನಾರು, ಎಳೇದು ಬೇಕಿದ್ರೆ ಪಕ್ಕದವರ ಹತ್ರ ತಗೊಳ್ಳಿ’ ಎನ್ನುತ್ತಾರೆ. ಜನ ಪಕ್ಕಕ್ಕೆ ಹೋಗುವುದಿಲ್ಲ, ಅವರಲ್ಲೇ ಕೊಳ್ಳುತ್ತಾರೆ. ಇಡೀ ಊರಿನಲ್ಲಿ ಸುಳ್ಳು ಹೇಳಲು ಬಾರದ ಒಬ್ಬ ಹೆಂಗಸಿದ್ದರೆ ಅದು ನನ್ನ ಅತ್ತಿಗೆ. ಮಾನ್ಯರೇ, ತಮ್ಮ ಅದೃಷ್ಟಕ್ಕೆ ತಮಗೆ ಸಾಕ್ಷಿಯಾಗಿ ಸಿಕ್ಕವರೂ ಅವರೇ.

ನಾವು ಮೊದಲ ಸಲ ಅನುಮತಿ ಕೇಳಲು ಬಂದಾಗ ತಮ್ಮ ಕುರ್ಚಿಯಲ್ಲಿ ತಮಗಿಂತ ಮುಂಚೆ ಕೂತಿದ್ದವರು ಕಾಗದವೇನೂ ಕೊಡದೆ ಒಪ್ಪಿ, ಒಂದು ಷರತ್ತು ಹಾಕಿದ್ದರು: ಸಂತೆ ಮುಗಿದ ಮೇಲೆ ನೆಲದಲ್ಲಿ ಒಂದು ಎಲೆ ಕಂಡರೂ ಮಾರನೆಯ ವಾರದಿಂದ ಬಂದ್. ಅವರು ಬಾಯಿಮಾತಿಗೆ ಹೇಳಿದ್ದರೇನೋ. ಅತ್ತಿಗೆ ಎದೆಯಲ್ಲಿ ಬರೆದುಕೊಂಡರು. ಮಧ್ಯಾಹ್ನ ಕೊನೆಯ ಬುಟ್ಟಿ ಗೇಟು ದಾಟಿದ ಮೇಲೆ ಶುರುವಾಗುತ್ತದೆ ನೋಡಿ ನಮ್ಮ ನಿಜವಾದ ದುಡಿಮೆ. ಅವರು ಮುಂದೆ ಪೊರಕೆ, ನಾನು ಹಿಂದೆ ಬಕೆಟ್. ಕಂಡಕ್ಟರು ತಾವೇ ಎಳೆದ ಗೆರೆಗಳನ್ನು ನಿಟ್ಟುಸಿರು ಬಿಡುತ್ತ ಒರೆಸುತ್ತಾರೆ. ಕೊನೆಗೆ ಅತ್ತಿಗೆ ಮಂಡಿಯೂರಿ, ತಲೆಯ ಪಿನ್ನು ತೆಗೆದು, ಕಲ್ಲುಚಪ್ಪಡಿಗಳ ಸಂದಿಯಲ್ಲಿ ಸಿಕ್ಕಿಕೊಂಡ ಕೊತ್ತಂಬರಿಯ ದಂಟನ್ನು ಹೆಕ್ಕುತ್ತಾರೆ. ಹುಟ್ಟಿದ ಮಗುವಿಗೆ ಮೊದಲ ಸ್ನಾನ ಮಾಡಿಸಿದಂತಿರುತ್ತದೆ ಆಮೇಲೆ ಆ ಅಂಗಳ.

ಕಳೆದ ಶನಿವಾರ ತಾವು ಪರಿಶೀಲನೆಗೆ ಬಂದದ್ದು ಬೆಳಿಗ್ಗೆ ಅಲ್ಲ. ಊಟ ಮುಗಿಸಿ, ಎಲ್ಲ ಮುಗಿದ ಮೇಲೆ. ಕನ್ನಡಕ ಒರೆಸಿಕೊಂಡು ಆ ತುದಿಯಿಂದ ಈ ತುದಿಗೆ ನಡೆದು, ಪೊರಕೆ ಹಿಡಿದು ನಿಂತಿದ್ದ ಅತ್ತಿಗೆಯನ್ನು ಕೇಳಿದಿರಿ: “ಇಲ್ಲೇನು ನಡೆಯುತ್ತಮ್ಮಾ?”

ಅವರ ತಲೆಯಲ್ಲಿ ಇದ್ದದ್ದು ಆ ಒಂದು ಎಲೆ. “ಏನೂ ಇಲ್ಲ ಸಾರ್. ನೀವೇ ನೋಡಿ, ಒಂದು ಎಲೆನೂ ಇಲ್ಲ.”

“ಯಾವಾಗ್ಲೂ ಹೀಗೇನಾ?”

“ಯಾವಾಗ್ಲೂ ಹೀಗೇ ಸಾರ್. ನಾನೇ ನಿಂತು ನೋಡ್ಕೋತೀನಿ.”

ತಾವು ತಲೆದೂಗಿದಿರಿ. ಹಾಗೆ ತಲೆದೂಗಿದ್ದನ್ನು ಮೂಲೆಯಲ್ಲಿ ಬಕೆಟ್ ತೊಳೆಯುತ್ತಿದ್ದ ನಾನು ಶಹಭಾಸ್‌ಗಿರಿ ಎಂದುಕೊಂಡು ಒದ್ದೆ ಕೈ ಜೋಡಿಸಿ ನಮಸ್ಕಾರ ಬೇರೆ ಹಾಕಿದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತಿಗೆಯ ಕಾಲು ನೆಲದ ಮೇಲಿರಲಿಲ್ಲ. “ಸಾಹೇಬ್ರು ಕಣ್ಣಾರೆ ನೋಡಿದ್ರು ಕಣಪ್ಪಾ,” ಎಂದರು. “ಇನ್ನು ನಮ್ಮನ್ನ ಯಾರೂ ಎಬ್ಬಿಸಲ್ಲ.”

ಸೋಮವಾರ ಬೋರ್ಡು ಬಂತು.

ಆಟ ಮುಗಿದು ಬಣ್ಣ ಅಳಿಸಿದವನ ಮುಖ ನೋಡಿ, ಈ ಊರಿನಲ್ಲಿ ನಾಟಕವೇ ಆಗಿಲ್ಲ ಎಂದು ತೀರ್ಪು ಕೊಡುವವರನ್ನು ನಮ್ಮಪ್ಪ ಅಷ್ಟು ಊರು ಸುತ್ತಿದರೂ ಕಂಡಿರಲಿಲ್ಲ. ನಾನೂ ಕಂಡಕ್ಟರೂ ತಮ್ಮ ಕಚೇರಿಗೆ ಓಡಿದೆವು. ತಾವು ಸಭೆಯಲ್ಲಿದ್ದಿರಿ. ಕಿಟಕಿಯ ಗುಮಾಸ್ತರು ಸಂತೆ ನಡೆಯುತ್ತದೆ ಎಂಬುದಕ್ಕೆ ಪುರಾವೆ ತನ್ನಿ ಎಂದರು. ಮೊಬೈಲಿನಲ್ಲಿ ಫೋಟೋ ತೋರಿಸಿದೆವು. ಅವರು ಬೆರಳಿನಿಂದ ಹಿಗ್ಗಿಸಿ, ಕುಗ್ಗಿಸಿ, ಇದರಲ್ಲಿ ಬರೀ ಜನ ಕಾಣುತ್ತಾರೆ, ಜಾಗ ಎಲ್ಲಿ ಕಾಣುತ್ತದೆ ಎಂದು ಕೇಳಿದರು. ಅಷ್ಟು ಜನ ಬರುವುದೇ ನಮ್ಮ ತಪ್ಪಾಯಿತು. ಇನ್ಯಾವ ಪುರಾವೆ ತರಲಿ ಸ್ವಾಮಿ? ಪುರಾವೆಯೆಲ್ಲ ಊರಿನ ಹೊಟ್ಟೆ ಸೇರಿ ಕರಗಿಹೋಗಿದೆ. ನಿಮ್ಮ ಮನೆಗೆ ಬದನೆಕಾಯಿ ಎಲ್ಲಿಂದ ಬರುತ್ತೆ ಎಂದು ಆ ಗುಮಾಸ್ತರನ್ನೇ ಕೇಳಿದೆ. ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. “ನಿಮ್ಮ ಸಂತೆಯಿಂದಾನೇ. ಆದ್ರೆ ಅದು ಮನೆ ವಿಷಯ.”

ನಗು ಬಂತೇ, ಸುತ್ತ ನಿಂತವರೇ? ನನಗೂ ಅಲ್ಲಿ ಬಂತು. ಅಣ್ಣನ ಮನೆಗೆ ಹೋದ ಮೇಲೆ ಇಂಗಿಹೋಯಿತು.

ಬೋರ್ಡಿನ ಸುದ್ದಿ ಕೇಳಿದಂದಿನಿಂದ ಅತ್ತಿಗೆ ತೋಟಕ್ಕೆ ಇಳಿದಿಲ್ಲ. ಹೊಸ್ತಿಲ ಮೇಲೆ ಕೂತಿರುತ್ತಾರೆ, ತಟ್ಟೆಯಲ್ಲಿ ಹಾಕಿಟ್ಟ ಅನ್ನ ಹಾಗೇ ಆರಿರುತ್ತದೆ. ಮಂಚದ ಮೇಲಿನ ಅಣ್ಣನಿಗೆ ಕಿಟಕಿಯಿಂದ ಸಾಲುಗಳು ಕಾಣುತ್ತವೆ, ಎದ್ದು ಹೋಗಲು ಸೊಂಟ ಬಿಡುವುದಿಲ್ಲ. “ಅವಳಿಗೆ ಹೇಳೋ, ಬೀನ್ಸು ಹಳದಿಗೆ ತಿರುಗ್ತಿದೆ,” ಎಂದು ನನಗೆ ಹೇಳುತ್ತಾನೆ. ಹೇಳಿದೆ. ಉಳಿದ ಬೆಳೆಗಾರರು ಯಾರೂ ಅವರನ್ನು ದೂರಿಲ್ಲ ಎಂದೂ ಹೇಳಿದೆ. ಕೇಳಿಸಿಕೊಂಡು ಅವರು ಅಂದದ್ದು ಇಷ್ಟು: “ಸಾಹೇಬ್ರು ಬಾಯಿ ಬಿಟ್ಟು ಕೇಳಿದ್ರಲ್ಲೋ. ಸಂತೆ ನಡೆಯುತ್ತೆ ಸಾರ್ ಅನ್ನೋಕೆ ನನಗೇನಾಗಿತ್ತು? ಅಷ್ಟೂ ಜನರ ಅನ್ನಕ್ಕೆ ನಾನೇ ಮಣ್ಣು ಹಾಕ್ದೆ.”

ರಾಜನ ಪಾರ್ಟಿನ ಮಾತೆಲ್ಲ ನನಗೆ ಬಾಯಿಪಾಠ. ಯುದ್ಧ ಸೋತ ಸೈನ್ಯಕ್ಕೆ ಧೈರ್ಯ ಹೇಳುವ ಮಾತುಗಳೂ ಅದರಲ್ಲಿವೆ. ಅವನ್ನೆಲ್ಲ ಬಿಟ್ಟು, ಅಂಗಡಿಗೆ ಬಂದು ಈ ಪತ್ರ ಬರೆಯಲು ಕೂತೆ.

ಅದಕ್ಕೇ ಕೇಳುತ್ತಿದ್ದೇನೆ, ಕೈಮುಗಿದು ಕೇಳುತ್ತಿದ್ದೇನೆ: ನಾವೇನು ಮಾಡಬೇಕಿತ್ತು? ಗುಡಿಸದಿದ್ದರೆ ಕೊಳಕೆಂದು ಎಬ್ಬಿಸುತ್ತೀರಿ, ಗುಡಿಸಿದರೆ ಖಾಲಿಯೆಂದು ಎಬ್ಬಿಸುತ್ತೀರಿ. ಎಷ್ಟು ಕಸ ಬಿಟ್ಟರೆ ಅದು ಸಂತೆ, ಎಷ್ಟು ಬಿಟ್ಟರೆ ಗಲೀಜು? ಒಂದು ಅಳತೆ ಕೊಟ್ಟುಬಿಡಿ. ನಾನು ದರ್ಜಿ, ಅಳತೆಗೆ ತಕ್ಕಂತೆ ಕತ್ತರಿಸಬಲ್ಲೆ. ಅಳತೆಯನ್ನೇ ಕೊಡದೆ ಬಟ್ಟೆ ಹಾಳಾಯಿತು ಎಂದರೆ ಯಾರ ಕುತ್ತಿಗೆ ಹಿಡಿಯಲಿ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ನಾಳೆಯ ಬೇಲಿಯನ್ನು ತಡೆಯಿರಿ. ಆ ಬೋರ್ಡನ್ನು ಇಳಿಸಿ. ಬೆಳಿಗ್ಗೆ, ಊಟಕ್ಕೆ ಮುಂಚೆ, ಒಮ್ಮೆ ಖುದ್ದಾಗಿ ಬನ್ನಿ.

ಬಂದರೆ ಏನು ಕಾಣುತ್ತೀರಿ ಎಂಬುದನ್ನೂ ಇಷ್ಟು ಜನರೆದುರು ಹೇಳಿಬಿಡುತ್ತೇನೆ, ಆಮೇಲೆ ಮೋಸ ಎನ್ನಬೇಡಿ. ನಾಳೆ ಬೆಳಕು ಹರಿಯುವ ಹೊತ್ತಿಗೆ ನಾನು ಅತ್ತಿಗೆಯ ತೋಟಕ್ಕೆ ಇಳಿದು ಬಲಿತ ಬೀನ್ಸನ್ನು ನನ್ನ ಕೈಯಾರೆ ಬಿಡಿಸುತ್ತೇನೆ. ಬುಟ್ಟಿ ಹೊತ್ತು, ಅತ್ತಿಗೆಯನ್ನು ಹೊಸ್ತಿಲಿನಿಂದ ಎಬ್ಬಿಸಿ ಕರೆದುಕೊಂಡು, ಡಿಪೋದ ಗೇಟಿಗೆ ಬರುತ್ತೇನೆ. ಗೇಟು ಮುಚ್ಚಿದ್ದರೆ ಗೇಟಿನೆದುರು ಬೀದಿಯಲ್ಲೇ ಸಂತೆ. ಈ ಬೀನ್ಸು ನಾರು, ತುಂಬ ನಾರು ಎಂದು ಮೂರು ಬೀದಿಗೆ ಕೇಳುವಂತೆ ಕೂಗುತ್ತೇನೆ. ಸಂತೆ ಮುಗಿದ ಮೇಲೆ ಯಾರೂ ಗುಡಿಸುವುದಿಲ್ಲ. ಸಿಪ್ಪೆ, ಸೊಪ್ಪು, ದಂಟು, ಕಂಡಕ್ಟರ ಗೆರೆ ಎಲ್ಲ ಇದ್ದಲ್ಲೇ ಇರುತ್ತವೆ. ಅವುಗಳ ನಡುವೆ ನಾನು ಕಾವಲು ಕೂತಿರುತ್ತೇನೆ. ಅತ್ತಿಗೆಗೆ ತಡೆಯಲಾಗುವುದಿಲ್ಲ, ಪೊರಕೆ ಕೊಡೋ ಎಂದು ಜೀವ ತಿನ್ನುತ್ತಾರೆ. ಕೊಡುವುದಿಲ್ಲ. ಅದನ್ನು ಈಗಾಗಲೇ ನನ್ನ ಅಂಗಡಿಯೊಳಗಿಟ್ಟು ಬೀಗ ಹಾಕಿದ್ದೇನೆ. ತಾವು ಬಂದು ಅವರ ಎದುರು ನಿಂತು, ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಬೇಕು: ಇಲ್ಲೇನು ನಡೆಯುತ್ತಮ್ಮಾ? ಅವರು ಬಾಯಿ ತೆರೆದು ಉತ್ತರ ಕೊಟ್ಟ ಮೇಲೆಯೇ ನಾನು ಬೀಗ ತೆಗೆಯುವುದು.

ಇಂತಿ,
ಯಾರೂ ಬಳಸದ ಜಾಗದಲ್ಲಿ, ನಡೆಯದೇ ಇರುವ ಸಂತೆಗೆ, ವಾರವಾರವೂ ಜನರನ್ನು ಕೂಗಿ ಕರೆದ ದರ್ಜಿ